ಅಂಟಿಗೆ ಮೈಲುತುತ್ತ

ಮೊದಲ ಸಲ ಬಂದದ್ದು ವೀಸಾದ ಝೆರಾಕ್ಸಿಗೆ. ಎರಡು ಪ್ರತಿ,
ಪೊಲೀಸ್ ಆಫೀಸಿಗೊಂದು, ಕಾಲೇಜಿಗೊಂದು.
ಖಡೇಬಜಾರದ ನಮ್ಮ ಬೈಂಡಿಂಗ್ ಅಂಗಡಿ ಮುಂದ
ಮಂದಿ ನಿಂತು ಆಕಿ ಜಡಿ ನೋಡತಿದ್ರು,
ಒಬ್ಬಾಂವ ಮೊಬೈಲ್ ಎತ್ತಿದ. ಆಕಿ ಮಾತ್ರ
ಗೋಡಿ ಮ್ಯಾಲಿನ ರೇಟಿನ ಹಲಗಿ ನೋಡತಾ
ಒಂದೊಂದ ಕನ್ನಡ ಅಕ್ಷರದ ಹೊಟ್ಟಿ ಎಣಸತಿದ್ಲು.

ಬಿಲ್ಲಿಗೆ ಹೆಸರು ಕೇಳಿದೆ. ದೂಶಿಮಾ ಅಂದ್ಲು.
ಒಳಗ ಅಂಟು ಕುದಸತಿದ್ದ ನಮ್ಮವ್ವಗ
ಅದು ದೂರಸೀಮಿ ಅಂತ ಕೇಳಿಸ್ತು.
ಅವತ್ತಿಂದ ಅದ ಹೆಸರು.

ಎರಡನೇ ಸಲ ತಂದದ್ದು ಕಥಿ.
ಹಗಲೆಲ್ಲಾ ಔಷಧದ ಓದು. ರಾತ್ರಿ
ನೆಹರೂ ನಗರದ ಬಾಡಿಗಿ ಖೋಲ್ಯಾಗ
ಪಂಖಾದ ಗಾಳಿಗೆ ಹಾಳಿ ಹಾರದಂಗ
ಮ್ಯಾಲೊಂದು ಗೆಣಸಿಟ್ಟು ಬರೀತಾಳಂತ.
ಅವರೂರ ಗೆಣಸು ತೊಡಿಯಷ್ಟು ದಪ್ಪ,
ನಮ್ಮವು ಇಲಿಮರಿ, ಅಂತ ನಗತಾಳ.

ನನಗ ಇಂಗ್ಲಿಷು ಬರೂದು ಪುಟ ಎಣಸೂವಷ್ಟ.
ಎಣಿಸಿದೆ: ಅದ ಕಥಿ, ಮೊದಲ ನಲವತ್ತೊಂದು ಹಾಳಿ,
ದೀಪಾವಳಿಗೆ ಮೂವತ್ತು, ಯುಗಾದಿಗೆ ಹತ್ತೊಂಬತ್ತು.
ಏನ ತಗದೆವ್ವಾ ಇಷ್ಟೆಲ್ಲಾ? ಅಂದೆ.
'ಅವ್ವನ್ನ ತಗದೆ' ಅಂದ್ಲು,
ಚಿಲ್ಲರ ಎಣಸಕೋತ.
'ಭಾಳ ಮಾತಾಡತಿದ್ಲು.'

ಹದಿನೇಳು ಕಡೆ ಕಳಿಸ್ಯಾಳ.
'ಚಲೋ ಐತಿ, ಆದರ ಬ್ಯಾಡ'
(ನಮ್ಮ ತಂಗೀನ ನೋಡಾಕ ಬಂದಾವರೂ ಹಿಂಗ ಅಂದಿದ್ರು).
ಲಂಡನ್ನಿನಾಂವ ಒಬ್ಬ ಕೇಳ್ಯಾನ,
ನಿಮ್ಮೂರಾಗ ಹಸಿವು ಇಲ್ಲೇನು? ಇದ್ದರ ಅದನ್ನ ಬರಿ.
ಆವತ್ತ ಆಕಿ ನಮ್ಮ ಕಟ್ಟಿ ಮ್ಯಾಲ ಕುಂತು
ಎರಡು ರೊಟ್ಟಿ, ಶೇಂಗಾ ಚಟ್ನಿ, ಮೂರು ಉಳ್ಳಾಗಡ್ಡಿ
ಸುಮ್ಮನ ತಿಂದು ಹೋದ್ಲು.

ವರ್ಷಕ್ಕೊಮ್ಮೆ ಆ ಫಾರ್ಮು ಬರತೈತಿ, ಕಾಪಿ ತಗಿಯೂದು ನಾನ.
ಇರೂ ಕಾರಣ? ಅಭ್ಯಾಸ, ಅಂತ ತುಂಬತಾಳ.
ಕಥಿ ಅಂತ ತುಂಬಿದರ ಹೊರಗ ಹಾಕತಾರೇನೋ.

ಮೊನ್ನೆ ಒಂದು ಕಥಿ ಅಚ್ಚಾತು.
ಆಕಿ ಕೊಟ್ಟ ಪ್ರತಿ ನನ್ನ ಮಗಳು ಓದಿ ಹೇಳಿದ್ಲು:
ಬೆನ್ವೆ ಅಂತೊಂದು ಹೊಳಿ, ಅದರ ದಂಡ್ಯಾಗ ಅಂಗಡಿ,
ಒಳಗ ಮುದುಕಿ ಅಂಟು ಕುದಸತಾಳ,
ಬಂದ ಹುಡುಗೀನ ತಪ್ಪ ಹೆಸರಿಂದ ಕರೀತಾಳ.
ಹುಡುಗಿ ತಿದ್ದೂದಿಲ್ಲ.

ಸ್ವಲ್ಪ ಸಿಟ್ಟ ಬಂತು ನನಗ, ಖರೇ ಹೇಳತೇನಿ.
ಕೇಳದ ನಮ್ಮವ್ವನ್ನ ಒಯ್ದು
ಆ ಹೊಳಿ ದಂಡ್ಯಾಗ ಕುಂದ್ರಿಸ್ಯಾಳ.
ತನ್ನ ಅವ್ವನ್ನ ತಗದ ಜಾಗಾದಾಗ.

ಅವ್ವ ಮಾತ್ರ ಸವಟು ನಿಲ್ಲಿಸಲಿಲ್ಲ.
'ಅಂಟಿಗೆ ಮೈಲುತುತ್ತ ಹಾಕೂದು ಬರದಾಳೇನು?'
ಇಲ್ಲವಾ, ಬರದಿಲ್ಲ.
'ಹಂಗಾರ ಹುಳ ಹತ್ತತೈತಿ ಆ ಕಥಿಗೆ,
ಬಂದರ ಒಳಗ ಕಳಸು.'

ನಿನ್ನೆ ಬಂದ್ಲು ದೂರಸೀಮಿ.
ಒಲಿ ಮುಂದ ಮೊಣಕಾಲೂರಿ
ನೀಲಿ ಹಳ್ಳು ಬೆಳಕಿಗೆ ಹಿಡದು ನೋಡಿದ್ಲು.
ಅವ್ವ ಏನೋ ಹೇಳಕೋತ ಇದ್ಲು, ಭಾಳ ಹೊತ್ತು.
ಆಕಿ ಒಂದೂ ಮಾತು ತಗೀಲಿಲ್ಲ.