ಒಂದು ಚಿಟಿಕೆ

ಗಣೇಶಖಿಂಡದ ಆ ದೊಡ್ಡ ಗೇಟಿನೊಳಗೆ
ನಾನು ಹೋದದ್ದು ಎರಡೇ ಸಲ,
ಎರಡೂ ಸಲ ಬಾಕಿ ವಸೂಲಿಗೆ.
ಆದರೂ ಅಲ್ಲಿ ಯಾರು ಏನು ಓದುತ್ತಾರೆ ಅಂತ
ಬುಧವಾರ ಪೇಠೆಯ ಈ ಓಣಿಯಲ್ಲಿ ಕೂತೇ ಹೇಳಬಲ್ಲೆ.

ಏಪ್ರಿಲ್ ಕೊನೆಗೆ ಬರುತ್ತಾರೆ,
ಕಣ್ಣ ಕೆಳಗೆ ಕಪ್ಪು, ಕಂಕುಳಲ್ಲಿ ಐದು ಪ್ರತಿ,
'ಕಾಕಾ, ನಾಳೆ ಹನ್ನೊಂದಕ್ಕೆ ಗಡುವು.'
ಎಲ್ಲರಿಗೂ ನಾಳೆ ಹನ್ನೊಂದಕ್ಕೇ ಗಡುವು.
ಎಲ್ಲರಿಗೂ ಮರೂನ್ ರೆಕ್ಸಿನ್, ಚಿನ್ನದ ಅಕ್ಷರ.

ಹಿತ್ತಾಳೆ ಅಚ್ಚುಗಳನ್ನು ಉಲ್ಟಾ ಜೋಡಿಸುತ್ತ
ಬಲದಿಂದ ಎಡಕ್ಕೆ ಓದಿದ್ದೇನೆ ನಾನು
ಸಹ್ಯಾದ್ರಿಯ ಸಗಣಿಹುಳ, ಮೋಡಿ ಲಿಪಿಯ ಜಮೀನು ಪತ್ರ,
ಲಾಸಲಗಾಂವದ ಈರುಳ್ಳಿ ದರ, ಬಾವಲಿಯ ಕಿವಿ,
ಕಬ್ಬು ಕಡಿಯುವ ಹೆಂಗಸರ ಮೊಣಕಾಲು,
ಸತ್ತ ನಕ್ಷತ್ರವೊಂದರ ಗುಂಯ್ ಸದ್ದು.
ಒಳಗೇನಿದೆ ಕೇಳಬೇಡಿ. ತೂಕ ಕೇಳಿ.
ಸಂಖ್ಯಾಶಾಸ್ತ್ರ ಕೈ ನೋಯಿಸುತ್ತದೆ.
ಸಸ್ಯಶಾಸ್ತ್ರದಲ್ಲಿ ಎಲೆ ಅಂಟಿಸಿದ್ದರೆ
ಪ್ರೆಸ್ಸಿನ ತಿರುಪು ಅರ್ಧ ಸುತ್ತು ಸಡಿಲ.
ಪಾಲಿ ವ್ಯಾಕರಣದವರು ಚೌಕಾಸಿ ಮಾಡುವುದಿಲ್ಲ,
ಅರ್ಥಶಾಸ್ತ್ರದವರು ಬಿಡುವುದಿಲ್ಲ.
ಗಣಿತದ ಹುಡುಗನೊಬ್ಬ ತಂದದ್ದು ನಲವತ್ತೊಂದೇ ಹಾಳೆ,
ಏಳು ವರ್ಷದ್ದಂತೆ.
ಹೆಸರು ಕೂರುವಷ್ಟು ಬೆನ್ನೇ ಇರಲಿಲ್ಲ ಅದಕ್ಕೆ.
ಹಿಂದೆ ಮುಂದೆ ಖಾಲಿ ಹಾಳೆ ಸೇರಿಸಿ
ಬೆನ್ನು ಮಾಡಿಕೊಟ್ಟೆ. ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಋತುಜಾ ಘಾಣೇಕರ ಬಂದದ್ದು ಮಾತ್ರ ದೀಪಾವಳಿಯ ಮರುವಾರ,
ಕಂಕುಳಲ್ಲಿ ಏನೂ ಇಲ್ಲದೆ.
ಹಳೇ ಪುಸ್ತಕ ತಿನ್ನುವ ಬೂಷ್ಟಿನ ಮೇಲೆ ಅವಳ ಸಂಶೋಧನೆ.
'ನಿಮ್ಮ ಅಂಟಿಗೆ ಯಾಕೆ ಬೂಷ್ಟು ಹಿಡಿಯಲ್ಲ?'
ಮೂವತ್ತು ವರ್ಷದಲ್ಲಿ ಆ ಗೇಟಿನ ಕಡೆಯವರು
ನನ್ನನ್ನು ಕೇಳಿದ ಮೊದಲ ಪ್ರಶ್ನೆ,
'ಎಷ್ಟಾಗುತ್ತೆ' ಬಿಟ್ಟರೆ.
ಹೇಳಿದೆ, ಎದೆಯುಬ್ಬಿಸಿಯೇ ಹೇಳಿದೆ:
ಮೈದಾ, ನೀರು, ಸಣ್ಣ ಉರಿ, ಇಳಿಸುವಾಗ
ಮೈಲುತುತ್ತ ಒಂದು ಚಿಟಿಕೆ.
'ಚಿಟಿಕೆ ಅಂದರೆ ಎಷ್ಟು?'
ಚಿಟಿಕೆ ಅಂದರೆ ಚಿಟಿಕೆ, ತಾಯಿ.

ಎರಡೂವರೆ ವರ್ಷಕ್ಕೆ ಬಂತು ಐದು ಪ್ರತಿ.
ರಾತ್ರಿ ಹೊಲಿಗೆ ಹಾಕುವಾಗ
ನೂರಾ ಹದಿನೇಳನೆಯ ಪುಟ ಮಗಳು ಓದಿ ಹೇಳಿದಳು:
'ಪೇಠೆಯ ಬೈಂಡರೊಬ್ಬರ ರೂಢಿಯಂತೆ.'
ಒಬ್ಬರು. ಸರಿ.
ಸೊನ್ನೆ ದಶಾಂಶ ನಾಲ್ಕು ಗ್ರಾಂ.

ಬೆಳಿಗ್ಗೆ ಪಕ್ಕದ ಸರಾಫನ ತಕ್ಕಡಿಯಲ್ಲಿ
ನನ್ನ ಚಿಟಿಕೆ ತೂಗಿಸಿದೆ. ಸೊನ್ನೆ ದಶಾಂಶ ಏಳು.
ಮತ್ತೆ ತೂಗಿಸಿದೆ. ಏಳೇ.
ತಪ್ಪು ಬರೆದಿದ್ದಾಳೆ ಹುಡುಗಿ, ಐದೂ ಪ್ರತಿಯಲ್ಲಿ,
ಡಾಕ್ಟರ್ ಬೇರೆ ಆಗುತ್ತಾಳೆ ಅಂತ
ಗೊಣಗುತ್ತ ಮಹಡಿ ಹತ್ತಿದರೆ
ಅಂಬಕ್ಕ ಒಲೆ ಮುಂದೆ ಅಂಟು ತಿರುವುತ್ತ,
ಮುಖ ತಿರುಗಿಸದೆಯೇ:
'ಆ ಹುಡುಗಿ ನನ್ನ ಕಡೇನೂ ಬಂದಿದ್ಳಲ್ಲ,
ನೀವು ಕಾಗದ ತರಾಕ ಹೋದಾಗ.
ಬಳಿ ಡಬ್ಬಿಯಷ್ಟ ತಕ್ಕಡಿ ತಂದಿದ್ಳು.
ಇಪ್ಪತ್ತ ಸಲ ಹಾಕಿಸಿದ್ಳು ಚಿಟಿಗಿ.
ಚಾ ಕುಡದು ಹೋದಳು.'

ಮೂವತ್ತು ವರ್ಷ ಅಂಟು ಕಾಸಿದ್ದು ಅವಳು.
ಹೌದು, ಅದು ನನಗೆ ಗೊತ್ತಿತ್ತು.

ಹನ್ನೊಂದಕ್ಕೆ ಗಡುವು.
ಐದರಲ್ಲಿ ಒಂದಕ್ಕೆ, ಯಾವುದಕ್ಕೆಂದು ಹೇಳುವುದಿಲ್ಲ,
ಬೆನ್ನಿನ ಒಳಪಟ್ಟಿಯ ಮೇಲೆ
ಪೆನ್ಸಿಲ್ಲಿನಲ್ಲಿ ಅವಳ ಹೆಸರು ಬರೆದೆ.
ಮೇಲೆ ಅವಳದೇ ಅಂಟು ಬಳಿದು
ರೆಕ್ಸಿನ್ ಎಳೆದೆ.
ಬೂಷ್ಟು ಹಿಡಿಯಲ್ಲ.