ವಾಯ್ಡ್‌ನ ಅಳತೆ

ಹನ್ನೆರಡನೇ ಸಿಸ್ಟಮ್ಮಿನ ಮುಂದೆ ತಸ್ಲೀಮಾ
ವಾಯ್ಡ್ ಎಕ್ಸ್ ಸೆಮಿಕೋಲನ್ ಎಂದು ಹೊಡೆದು ಕೂತಿದ್ದಾಳೆ.
ಪರದೆ ಕೆಂಪಾಗಿ ಬೈಯುತ್ತಿದೆ.
"ಇಂಟ್ ಎಕ್ಸ್ ಅಂದ್ರೆ ಸುಮ್ಮನಿರುತ್ತೆ ಸರ್,
ವಾಯ್ಡ್ ಅಂದ್ರೆ ಇದಕ್ಕೇನು ರೋಗ?"

ದಾವಣಗೆರೆಯ ಮಾರ್ಚ್ ಮಧ್ಯಾಹ್ನ.
ಎರಡು ಫ್ಯಾನಿನಲ್ಲಿ ಒಂದು
ತಿರುಗುವ ಸದ್ದು ಮಾತ್ರ ಮಾಡುತ್ತದೆ.

ಹರಪನಹಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೀತಾರಲ್ಲ,
ಅದೇ ಡಿಕ್ಲರೇಷನ್, ಅಂದೆ.
ಯಾರೂ ಇನ್ನೂ ಕೂತಿಲ್ಲ, ಜಾಗಕ್ಕೊಂದು ಹೆಸರು ಬಿತ್ತು.
ಒಬ್ಬರಿಗೋ, ಮಗು ಎತ್ತಿಕೊಂಡವರಿಗೋ,
ಮೂಟೆ ಸಮೇತ ಬರುವವರಿಗೋ,
ಟವೆಲ್ ಬೀಳುವ ಮೊದಲೇ ಗೊತ್ತಿರಬೇಕು.
ಅವರು ಬಂದು ಕೂರುವ ತನಕ
ಸೀಟಿನಲ್ಲಿ ಹಿಂದಿನವರ ಶೇಂಗಾ ಸಿಪ್ಪೆ;
ಅದನ್ನೇ ಬೆಲೆ ಅಂತ ನಂಬಿ ಕೂಡಿಸಿಬಿಟ್ಟೀಯ, ಹುಷಾರು.
ಬರುವವರೇ ಇಲ್ಲ ಅಂತ ಟವೆಲ್ ಹಾಕಿದರೆ
ಕಂಡಕ್ಟರ್ ಬಿಡ್ತಾನಾ?

"ಮತ್ತೆ ವಾಯ್ಡ್ ಫಂಕ್ಷನ್ ಇದೆಯಲ್ಲ?"
ಹಿಂದಿನ ಬೆಂಚಿನಿಂದ ಹಾಲೇಶ.
ನಾನು ಸೀಮೆಸುಣ್ಣ ಹುಡುಕುವಷ್ಟರಲ್ಲಿ ಅವಳೇ ಅಂದಳು:
"ರಂಜಾನಿನಲ್ಲಿ ನಮ್ಮ ಓಣಿಗೆ ಬರ್ತಾನಲ್ಲ ಸಹರಿಯವನು,
ಮೂರೂವರೆಗೆ ಡಬ್ಬ ಬಡಿದು ಎಬ್ಬಿಸಿ ಹೋಗ್ತಾನೆ.
ಏನೂ ಕೊಟ್ಟು ಹೋಗಲ್ಲ.
ಓಣಿಯ ದೀಪ ಎಲ್ಲ ಹತ್ತಿರ್ತಾವೆ."

ಹದಿನಾಲ್ಕು ವರ್ಷ ಈ ಪಾಠ ಮಾಡಿದ್ದೇನೆ.
ಏನನ್ನೂ ಹಿಂದಿರುಗಿಸುವುದಿಲ್ಲ ಎಂದು ಬರೆಸಿದ್ದೇನೆ,
ಕೆಳಗೆ ಗೆರೆ ಎಳೆಸಿದ್ದೇನೆ.
ದೀಪದ ವಿಷಯ ಬರೆಸಿರಲಿಲ್ಲ.

ಪಾಯಿಂಟರಿಗೆ ಬಂದೆವು. ಗೋಡೌನಿನ ಮೂರನೇ ಸಾಲಿನ ಚೀಲ:
ಎಲ್ಲಿದೆ, ಗೊತ್ತು. ಒಳಗೆ ಭತ್ತವೋ ಮಂಡಕ್ಕಿಯೋ, ಗೊತ್ತಿಲ್ಲ.
ಇಂಥದ್ದು ಅಂತ ಹೇಳದೆ ಕೈ ಹಾಕುವ ಹಾಗಿಲ್ಲ.
ಮಂಡಕ್ಕಿ ಅಂದ ಕೂಡಲೇ ಅವಳು ತಲೆಯೆತ್ತಿದಳು.

"ಹಾಗಾದರೆ ಬರೀ ವಾಯ್ಡ್‌ನ ಅಳತೆ ಎಷ್ಟು ಸರ್?"
ಇಲ್ಲ, ಅಂದೆ. ಪುಸ್ತಕದಲ್ಲಿ ಹಾಗೇ ಇದೆ,
ಎಂದೂ ಪೂರ್ತಿಯಾಗದ ಬಗೆ ಅದು.
ಅವಳು ಸೈಜ್ಆಫ್ ಹೊಡೆದು, ಕಂಸದೊಳಗೆ ವಾಯ್ಡ್ ಇಟ್ಟು, ಓಡಿಸಿದಳು.
ನಮ್ಮ ಲ್ಯಾಬಿನ ಕಂಪೈಲರ್
ಬೈಯದೆ, ಗೊಣಗದೆ ಹೇಳಿತು:
ಒಂದು.

ಹಾಲೇಶ ಎದ್ದೇ ನಿಂತ.
ಇದು ಈ ಕಂಪೈಲರಿನ ಸ್ವಂತ ರೂಢಿ,
ಲೆಕ್ಕಕ್ಕೆ ಅನುಕೂಲವಾಗಲಿ ಅಂತ,
ಎಂದೇನೋ ನಾನು ಶುರು ಮಾಡಿದೆ.
ತಸ್ಲೀಮಾ ನಗುತ್ತಿದ್ದಳು.
"ಭಟ್ಟಿಯಲ್ಲಿ ನಮ್ಮ ದಾದಿ ಅಳೆಯುವಾಗ
ಒಂದು ಅನ್ನೋದೇ ಇಲ್ಲ ಸರ್.
ಖಾಲಿ ಚೀಲಕ್ಕೆ ಮೊದಲ ಸೇರು ಬಿತ್ತೋ,
ಲಾಭ ಅಂತಾಳೆ.
ಆಮೇಲೆ ಎರಡು, ಮೂರು."

ಬೆಲ್ ಹೊಡೆದು ಎಲ್ಲರೂ ಹೋದರು.
ಅವಳ ರೆಕಾರ್ಡ್ ಬುಕ್ ನನ್ನ ಮೇಜಿನ ಮೇಲಿದೆ.
ಔಟ್‌ಪುಟ್ ಎಂದು ಬರೆದು, ಮುಂದೆ
ಅಂಗೈಯಗಲ ಜಾಗ ಬಿಟ್ಟಿದ್ದಾಳೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ತಿರುಗದ ಫ್ಯಾನು
ತಿರುಗುವ ಸದ್ದು ಮಾಡುತ್ತಲೇ ಇದೆ.