ಬಣ್ಣದ ವಹಿ

ಸೋಹಾರಿನಿಂದ ಅಪ್ಪ ತಂದದ್ದು
ಒಂದು ಕಂಬಳಿ, ಎರಡು ಟಾರ್ಚು, ಮಂಡಿನೋವು,
ಮತ್ತೆ ನೀಲಿ ರಟ್ಟಿನ ಈ ವಹಿ.
ಹದಿನಾರು ವರ್ಷದ ನವಿಲುಗಳ ಲೆಕ್ಕ.
ಅರ್ಬಾಬನ ಹೆಸರಿಲ್ಲ, ಊರಿನ ಹೆಸರಿಲ್ಲ,
ಪಂಜರದ ನಂಬರು, ಕಾಲುಂಗುರದ ಬಣ್ಣ,
ಯಾರಿಗೆ ಯಾರು, ಎಷ್ಟು ಮೊಟ್ಟೆ, ಎಷ್ಟು ಟೊಳ್ಳು.

ಅರ್ಬಾಬ ಹೇಳಿದ ಇಂಗ್ಲಿಷ್ ಬಣ್ಣಗಳು
ತಾಂಡೇಲರ ಮಗನ ಪೆನ್ನಿಗೆ ಬರಲಿಲ್ಲ.
ಹಾಗಾಗಿ ಬರೆದುಕೊಂಡ: ಬಂಗಡೆಬೆನ್ನು. ಒಣಸೀಗಡಿ.
ಹಾಲು ಹಾಕಿದ ಚಾ (ಬಿಸಿಲಿಗೆ ಮಾಸುತ್ತದೆ, ನೆರಳಲ್ಲಿಡು).
ಇದ್ದಿಲು: ಹೆಣ್ಣು ಮೊಟ್ಟೆಯಿಡುವುದು ಅಪರೂಪ, ಇಟ್ಟರೂ ಮರಿಯಿಲ್ಲ.
ಬಿಳಿ: ಹುಟ್ಟುವಾಗ ಹಳದಿ, ಗಾಬರಿ ಬೇಡ.

ಒಂದು ಕಡೆ ಕೆಂಪು ಶಾಯಿ.
ಚಾ ಗಂಡಿಗೆ ನೀಲಿ ಹೆಣ್ಣು ಬಿಟ್ಟರೆ
ಹೆಣ್ಣುಮರಿಗಳೆಲ್ಲ ಚಾ,
ಗಂಡುಮರಿಗಳೆಲ್ಲ ನೀಲಿ.
ಆದರೆ ಒಳಗೆ ಚಾ ಇದೆ, ಮಾರುವಾಗ ಹೇಳಬೇಕು.
ಗಂಡು ಬಚ್ಚಿಡುತ್ತದೆ,
ಹೆಣ್ಣು ಮೈಮೇಲೆ ಹೊತ್ತು ತಿರುಗುತ್ತದೆ.

ನಲವತ್ತೊಂದನೇ ಪುಟ, ಚುಕ್ಕೆಬಿಳಿ.
ಎದೆಗೆ ಬಿಳಿ ಬಿದ್ದರೆ ಒಂದು ದರ,
ರೆಕ್ಕೆಗೂ ಬಿದ್ದರೆ ಒಂದೂವರೆ,
ಗರಿಯ ಕಣ್ಣೇ ಬಿಳಿಯಾದರೆ
ದರ ಅರ್ಬಾಬನೇ ಮಾತಾಡುತ್ತಾನೆ.

ಆ ಪುಟದ ತಾರೀಕಿನ ವರ್ಷ ನಾನು ಏಳನೇ ಕ್ಲಾಸು.
ಎಡಗಣ್ಣಿನ ಕೆಳಗೆ ಮೆಣಸಿನ ಬೀಜದಷ್ಟು ಬಿಳಿ.
ಅಮ್ಮ ಅವನಿಗೆ ಹೇಳಲಿಲ್ಲ.
ಸಿವಿಲ್ ಆಸ್ಪತ್ರೆಯ ಮುಲಾಮು, ಯಾರೋ ಹೇಳಿದ ಬೇರು,
ಮೀನು ತಿಂದು ಹಾಲು ಕುಡಿದದ್ದಕ್ಕೆ ಬೈಗುಳ.
ಬೀಜ ಬಟ್ಟಲಾಯಿತು, ಕುತ್ತಿಗೆಗೆ ಇಳಿಯಿತು, ಮಣಿಕಟ್ಟಿಗೆ ಬಳೆಯಾಯಿತು.
ಫೋಟೋ ಕಳಿಸುವಾಗಲೆಲ್ಲ ನನ್ನನ್ನು
ಬಲಗಡೆಗೆ ಮಾತ್ರ ನಿಲ್ಲಿಸಿದರು.

ಅಪ್ಪ ಬಂದ. ಸ್ಟೇಷನ್ನಿನಲ್ಲಿ
ಕತ್ತಲಕೋಣೆಯಲ್ಲಿ ಮೊಟ್ಟೆಗೆ ಟಾರ್ಚು ಹಿಡಿಯುವವನ ಹಾಗೆ
ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು, ನಿಧಾನ ತಿರುಗಿಸಿ ನೋಡಿದ.
ನಾನು ಉಸಿರು ಕಟ್ಟಿದ್ದೆ.
"ಬಿಸಿಲಿಗೆ ಟೋಪಿ ಹಾಕು ಶೇವಂತಿ," ಅಂದ. ಅಷ್ಟೇ.
ಅಮ್ಮ ಆಟೋದಲ್ಲಿ ಸದಾಶಿವಗಡದವರೆಗೂ ಅತ್ತಳು.

ದೇವಬಾಗದವರು ನೋಡಲು ಬಂದ ದಿನ
ಮುರುಗಲು ಪಾನಕ, ಗೋಡಂಬಿ, ಫ್ಯಾನಿನ ಸದ್ದು.
ಹುಡುಗನ ಮಾವಶಿ ಮೆಲ್ಲಗೆ ಕೇಳಿದಳು:
"ಇದು ಮಕ್ಕಳಿಗೂ ಬರ್ತದಾ?"
ಅಪ್ಪ ಎದ್ದ, ಒಳಗೆ ಹೋದ,
ವಹಿ ತಂದ.
ಕನ್ನಡಕ ಹಾಕಿ ಪುಟ ತಿರುವಿ ಶುರು ಮಾಡಿದ:
"ನೋಡಿ, ಏಳನೇ ಪಂಜರದ ಹೇಂಟೆ ಒಂದಿತ್ತು..."
ಇಪ್ಪತ್ತು ನಿಮಿಷ. ಮೂರು ತಲೆಮಾರು.
ಬರಬಹುದು, ಬಾರದೆಯೂ ಇರಬಹುದು,
ಬಂದದ್ದು ಎಂದೂ ತೂಕದಲ್ಲಿ ಕಡಿಮೆ ಇರಲಿಲ್ಲ,
ಕಾಳಿಗೆ ಎಲ್ಲಕ್ಕಿಂತ ಮೊದಲು ಓಡುತ್ತಿತ್ತು.
ಅವರ ಲೋಟಗಳಲ್ಲಿ ಪಾನಕ ಅರ್ಧ ಉಳಿಯಿತು.
"ಮದುವೆ ಮಾತಿಗೆ ನವಿಲು ತರ್ತಾರಾ?" ಅಮ್ಮನ ಕೂಗು
ಮೂರು ಮನೆ ದಾಟಿತು. ನನಗೋ
ನಗು ತಡೆಯಲಾಗದೆ ಬಾವಿಕಟ್ಟೆಗೆ ಓಡಿದೆ.

ಇಲ್ಲಿ ನವಿಲು ಸಾಕುವ ಹಾಗಿಲ್ಲ, ಫಾರೆಸ್ಟಿನವರು ಹಿಡೀತಾರೆ.
ಅವೇ ಗುಡ್ಡ ಇಳಿದು ಬರುತ್ತವೆ
ನಮ್ಮ ಶೇಂಗಾ ಗದ್ದೆಗೆ, ಬೆಳಗಿನ ಆರಕ್ಕೆ, ಕೂಲಿಯವರ ಹಾಗೆ.
ಎಲ್ಲ ಒಂದೇ ನೀಲಿ.
ಅಪ್ಪ ಅಟ್ಟುವುದಿಲ್ಲ, ಕಾಳೂ ಹಾಕುವುದಿಲ್ಲ.
"ಉಂಗುರ ಇಲ್ಲದಿದ್ರೆ
ಯಾರು ಏನು ಹೊತ್ತಿದ್ದಾರೆ ಅಂತ ಯಾರಿಗೆ ಗೊತ್ತು" ಅನ್ನುತ್ತಾನೆ,
ನನಗಲ್ಲ, ಬೇಲಿಗೆ.

ಖಾಲಿ ಉಳಿದ ಹಾಳೆಗಳಲ್ಲಿ ನಾನೀಗ
ಬೈತಖೋಲ್ ಬಂದರಿನ ಐಸಿನ ಲೆಕ್ಕ ಬರೆಯುತ್ತೇನೆ.
ಯಾವ ಬೋಟಿಗೆ ಎಷ್ಟು ಬ್ಲಾಕು, ಎಷ್ಟು ಬಾಕಿ.

ನಿನ್ನೆ ಬೇಲಿಯ ಮುಳ್ಳಿಗೆ ಒಂದು ಗರಿ.
ಅಪ್ಪ ಬಿಡಿಸಿ, ಬೆಳಕಿಗೆ ಹಿಡಿದು, ಮಗುಚಿದ.
"ಇದರಲ್ಲಿ ನೀಲಿಯೇ ಇಲ್ಲ ಬಾಯ್,
ಬೆಳಕು ಮುರಿಯುವುದಷ್ಟೇ. ಹಿಂದೆ ನೋಡು."
ನೋಡಿದೆ.
ಕಂದು. ಹಂಚಿನ ಮೇಲೆ ಒಣಗಿಸಿದ ಮೀನಿನ ಹಾಗೆ.

ಐಸಿನ ಲಾರಿ ಏಳಕ್ಕೆ.
ಕಾಳಿ ಸೇತುವೆ ಅರ್ಧ ದಾಟಿದ ಮೇಲೆ ನೆನಪಾಯಿತು,
ಟೋಪಿ ಮನೆಯಲ್ಲೇ ಉಳಿದಿತ್ತು.